ಕೆಂಪು ಹಿಡಿಯ ಗರಗಸ

೧೮ ನವೆಂಬರ್ ೨೦೦೨, ಸೋಮವಾರ

ಇವತ್ತು ನಲವತ್ತು ಹುಡುಗಿಯರ ಮುಂದೆ ನನ್ನ ಮಚ್ಚಿನ ಮರ್ಯಾದೆ ಹೋಯಿತು.

ಗೈಡ್ಸ್ ಕ್ಲಾಸಿನಲ್ಲಿ ಬಿದಿರು ಕಡಿದು ಪಾತ್ರೆ ಸ್ಟ್ಯಾಂಡ್ ಕಟ್ಟುವುದನ್ನು ತೋರಿಸುತ್ತಿದ್ದೆ. ಹನ್ನೊಂದು ವರ್ಷದಿಂದ ಈ ಗುಬ್ಬಿಯ ಹೈಸ್ಕೂಲಿನಲ್ಲಿ ನಾನೇ ತೋರಿಸುತ್ತಿರುವುದು. ಮಚ್ಚು ಎರಡು ಸಲ ಕೈಯಿಂದ ಜಾರಿತು. ಗಳ ಒಣಗಿ ಕಲ್ಲಾಗಿತ್ತು, ಅಷ್ಟೆ. ಆಗ ಮಂಜುಶ್ರೀ ಬಂದಳು. ಜೂನ್‌ನಲ್ಲಿ ತುಮಕೂರಿನಿಂದ ವರ್ಗವಾಗಿ ಬಂದ ಸೈನ್ಸ್ ಟೀಚರ್. ಇಪ್ಪತ್ತೇಳು ವರ್ಷ, ಯಾವ ಸೀರೆ ಉಟ್ಟರೂ ನೆರಿಗೆ ನೆಟ್ಟಗೆ ನಿಲ್ಲುತ್ತದೆ. ಬ್ಯಾಗಿನಿಂದ ಅಂಗೈಯಗಲದ ಕೆಂಪು ಹಿಡಿಯೊಂದನ್ನು ತೆಗೆದಳು. ಚಾಕು ಬಿಚ್ಚುವ ಹಾಗೆ ಬಿಚ್ಚಿದಳು. ಟಕ್ ಎಂದು ಲಾಕ್ ಆಯಿತು. ಮಡಚುವ ಗರಗಸ! ಹತ್ತು ಸಲ ಎಳೆದಳೋ ಇಲ್ಲವೋ, ಗಳ ಎರಡು ತುಂಡು.

"ಮೇಡಂ, ಇದು ಎಳೆಯೋವಾಗ ಕೊಯ್ಯುತ್ತೆ, ತಳ್ಳೋವಾಗಲ್ಲ. ಜೋರು ಹಾಕೋದೇ ಬೇಡ," ಎಂದಳು, ನಾನು ಕೇಳದಿದ್ದರೂ.

ಹಿಂದೆ ಉತ್ತರದಲ್ಲೆಲ್ಲೋ ದೊಡ್ಡ ಕ್ಯಾಂಪಿಗೆ ಹೋಗಿದ್ದಳಂತೆ. ಅಲ್ಲಿ ಜಪಾನಿನ ಟೀಚರೊಬ್ಬರು ಕೊಟ್ಟದ್ದಂತೆ. ಹುಡುಗಿಯರೆಲ್ಲ "ಮಿಸ್ ನಂಗೆ ಮಿಸ್, ನಂಗೆ ಮಿಸ್" ಎಂದು ಅವಳನ್ನು ಮುತ್ತಿಕೊಂಡರು. ನನ್ನ ಮಚ್ಚನ್ನು ಎತ್ತಿಡಲು ಒಬ್ಬಳೂ ಬರಲಿಲ್ಲ.

೨೧ ನವೆಂಬರ್, ಗುರುವಾರ

ತಾಲ್ಲೂಕಿನ ಗೈಡ್ಸ್ ಕೆಲಸ ನೋಡಿಕೊಳ್ಳುವ ಪುಟ್ಟರಂಗಯ್ಯನವರು ಶಾಲೆಗೆ ಬಂದಿದ್ದರು. ಹೋದ ವರ್ಷ ಊರ್ಡಿಗೆರೆಯಾಚೆ ಗುಡ್ಡದ ಬುಡದ ಶಿಬಿರದಲ್ಲಿ ಬೇರೆ ಶಾಲೆಯ ಹುಡುಗಿಯೊಬ್ಬಳು ಮಚ್ಚಿನಿಂದ ಪಾದ ಕೊಯ್ದುಕೊಂಡಿದ್ದಳಲ್ಲ, ಅವಳ ಅಪ್ಪ ಇನ್ನೂ ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾರಂತೆ.

"ಈ ಸಲ ಮಚ್ಚು ಬಂದ್," ಎಂದರು ಪುಟ್ಟರಂಗಯ್ಯ. "ಹನ್ನೊಂದು ಶಾಲೆಗೂ ಒಂದೊಂದು ಮಡಚೋ ಗರಗಸ ಕೊಡ್ಸಣ. ಯಾವುದು ಅನ್ನೋದನ್ನ ಲಕ್ಷ್ಮೀದೇವಮ್ಮ ಮೇಡಂ ಒಂದು ಆರಿಸ್ಲಿ, ಮಂಜುಶ್ರೀ ಮೇಡಂ ಒಂದು ಆರಿಸ್ಲಿ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಗುಡ್ಡದತ್ರಾನೇ ಎರಡನ್ನೂ ನೋಡಣ. ಯಾರ ಗರಗಸ ಆಗ್ತದೋ ಅವ್ರೇ ಹುಡುಗೀರಿಗೆ ಕಲಿಸ್ಬೇಕು. ಕಲಿಸೋರೇ ಜನವರಿ ಕ್ಯಾಂಪ್ ನಡೆಸ್ಬೇಕು."

ಶಿಬಿರ ನಡೆಸುವವಳು ಯಾರು ಎಂಬುದು ಈ ತನಕ ಪ್ರಶ್ನೆಯೇ ಆಗಿರಲಿಲ್ಲ. ವರ್ಷದಲ್ಲಿ ಐದು ದಿನ ನಾನು ಬರೀ ಲಕ್ಷ್ಮೀದೇವಮ್ಮ ಅಲ್ಲ. ನಾನು ಸೀಟಿ ಊದಿದರೆ ಇನ್ನೂರು ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ. ಮನೆಯಲ್ಲಿ ನಾನು ಊದಿದರೆ ಬೆಕ್ಕೂ ಏಳುವುದಿಲ್ಲ. ಆ ಐದು ದಿನವನ್ನು ಮೊನ್ನೆ ಬಂದವಳ ಕೈಗೆ ಕೊಡಲು ನಾನು ತಯಾರಿಲ್ಲ.

೨೪ ನವೆಂಬರ್, ಭಾನುವಾರ

ಬೆಳಗಿನ ಬಸ್ಸಿಗೆ ತುಮಕೂರು. ನಮ್ಮವರನ್ನೂ ಎಳೆದುಕೊಂಡು ಹೋದೆ. ಪೋಸ್ಟಾಫೀಸಿಗೆ ರಜೆ ಇರುವ ಒಂದು ದಿನವನ್ನೂ ಹಾಳು ಮಾಡಿದೆನೆಂದು ಬಸ್ಸಿನುದ್ದಕ್ಕೂ ಗೊಣಗಿದರು.

ಮಂಡಿಪೇಟೆಯಲ್ಲಿ ಆರು ಅಂಗಡಿ ಹತ್ತಿ ಇಳಿದೆವು. ಮರಕ್ಕೆ ಗರಗಸ ಇದೆ, ಕಬ್ಬಿಣಕ್ಕೆ ಇದೆ, ಮಡಚುವುದು ಎಂದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ. ಕೊನೆಗೆ ಒಂದು ಕಡೆ ತೋಟದ ಕೊಂಬೆ ಸವರುವ ಹಳದಿ ಹಿಡಿಯ ಗರಗಸ ಸಿಕ್ಕಿತು. ಅಲಗು ಅವಳದಕ್ಕಿಂತ ಎರಡು ಇಂಚು ಉದ್ದ. ಅದು ಸಾಕಾಗಿತ್ತು ನನಗೆ.

"ಮಗಳಿಗೆ ಗಂಡು ಹುಡುಕೋವಾಗ್ಲೂ ಇಷ್ಟು ಓಡಾಡಿರ್ಲಿಲ್ಲ ಕಣೇ ನೀನು," ಎಂದರು ನಮ್ಮವರು.

ಹೋಟೆಲಿನಲ್ಲಿ ಕಾಫಿ ಲೋಟ ಕೈಯಿಂದ ಜಾರಿ ಸೀರೆ ಮೇಲೆ ಬಿತ್ತು. ಆ ಹೋಟೆಲಿನವರಿಗೆ ಲೋಟದ ಜಿಡ್ಡು ತೊಳೆಯುವ ಅಭ್ಯಾಸವಿಲ್ಲ.

೨೯ ನವೆಂಬರ್, ಶುಕ್ರವಾರ

ಶಾಲೆಯ ಹಿಂದಿನ ಹೊಂಗೆ ಕೊಂಬೆಯ ಮೇಲೆ ಹಳದಿ ಗರಗಸ ಪ್ರಯೋಗ ಮಾಡಿದೆ. ಹಸಿ ಕೊಂಬೆಯಲ್ಲಿ ಚೆನ್ನಾಗಿ ಹೋಗುತ್ತದೆ. ಬಿದಿರಿನಲ್ಲಿ ಮಾತ್ರ ಹಲ್ಲು ಸಿಕ್ಕಿಕೊಂಡು ಸಿಬಿರು ಏಳುತ್ತದೆ. ದಪ್ಪ ಹಲ್ಲು ಬಿದಿರಿಗೆ ಆಗುವುದಿಲ್ಲ, ಸಣ್ಣ ಹಲ್ಲು ಬೇಕು ಎಂದು ಈಗ ಗೊತ್ತಾಯಿತು. ಅವಳ ಕೆಂಪು ಗರಗಸದ ಹಲ್ಲು ಅಕ್ಕಿ ನುಚ್ಚಿನಷ್ಟು ಸಣ್ಣ. ಅವಳಿಗೆ ಇದು ಮೊದಲೇ ಗೊತ್ತಿತ್ತು. ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ "ದೊಡ್ಡವರಿಗೆ ಪಾಠ ಹೇಳ್ತಾಳೆ" ಎಂದು ಬರೆಯುತ್ತಿದ್ದೆ, ಅದೂ ನಿಜವೇ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದಳು, "ಮಿಸ್, ಬೋರ್ಡ್ ಮೇಲೆ ನೀವು ಬರ್ದಿದ್ದು ಸರಿಯಾಗ್ ಕಾಣ್ತಿಲ್ಲ." ಈ ಸಲದ ಸೀಮೆಸುಣ್ಣ ಬರೀ ಪುಡಿ. ನನ್ನ ಅಕ್ಷರ ನೋಡಿ ಶಾಲಾ ಇನ್ಸ್‌ಪೆಕ್ಟರು ಎದ್ದು ನಿಂತ ಕಾಲವಿತ್ತು.

೪ ಡಿಸೆಂಬರ್, ಬುಧವಾರ

ಹಾಳು ದಿನ. ಗರಗಸದ ಕೀಲು ತುಕ್ಕು ಹಿಡಿಯಬಾರದೆಂದು ಸೋಮವಾರ ಕೊಬ್ಬರಿ ಎಣ್ಣೆ ಹಾಕಿದ್ದೆ. ನಮ್ಮ ಊರಲ್ಲಿ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಮಗು ಅತ್ತರೂ ಕೊಬ್ಬರಿ ಎಣ್ಣೆ. ಇವತ್ತು ಬೆಳಗ್ಗೆ ಚಳಿಗೆ ಅದು ಬೆಣ್ಣೆಯ ಹಾಗೆ ಗಟ್ಟಿಯಾಗಿ, ಒಳಗೆ ಸೇರಿದ್ದ ಮರದ ಪುಡಿಯ ಜೊತೆ ಕಚ್ಚಿಕೊಂಡು, ಗರಗಸ ಬಿಚ್ಚಲಾರದು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಹೆಣಗುತ್ತಿದ್ದಾಗ ಅವಳು ಒಳಗೆ ಬಂದಳು.

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಲ್ಯಾಬಿನಿಂದ ಸೀಮೆಎಣ್ಣೆ ತಂದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲು ತೊಳೆದಳು. "ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಹಾಕಿ ಮೇಡಂ, ಸಾಕು." ಆಮೇಲೆ, "ಕೈ ನೋವಾ ಮೇಡಂ? ಬೆರಳು ಹಿಂಡ್ಕೋತಾ ಇದ್ರಿ."

"ಚಳಿ ಕಣಮ್ಮ," ಎಂದೆ.

ಸಂಜೆ ತನಕ ಯಾರಾದರೂ ಬಂದು ಕೊಬ್ಬರಿ ಎಣ್ಣೆ ಎಂದು ನಕ್ಕಾರೆಂದು ಕಾದೆ. ಯಾರೂ ಬರಲಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ ಅಂದರೆ ಒಳ್ಳೆ ಹೊತ್ತು ನೋಡಿ ಹೇಳುತ್ತಾಳೆ. ನಾನು ಅವಳ ಜಾಗದಲ್ಲಿದ್ದರೆ ಹಾಗೇ ಮಾಡುತ್ತಿದ್ದೆ.

೮ ಡಿಸೆಂಬರ್, ಭಾನುವಾರ

ಅಂಗಡಿ ಮಾಲು ನಂಬಿ ಕೆಟ್ಟೆ. ಕುಣಿಗಲ್ಲಿಗೆ ತಮ್ಮನ ಮನೆಗೆಂದು ಹೋದವಳು ಕುದುರೆ ಫಾರಂ ಕಡೆಯ ಕದರಯ್ಯನ ಕುಲುಮೆಗೆ ಹೋದೆ. ಕುದುರೆ ಗೊರಸು ಕೆತ್ತುವ ಮಡಚು ಚಾಕು ಮಾಡುವುದರಲ್ಲಿ ಅವನದು ಪಳಗಿದ ಕೈ ಎಂದು ತಮ್ಮ ಹೇಳಿದ್ದ. ಕೆಂಪು ಗರಗಸದ ಚಿತ್ರ ಬರೆದುಕೊಟ್ಟೆ. ಸಾಮಿಲ್ಲಿನ ಹಳೇ ಪಟ್ಟಿ ಗರಗಸದ ತುಂಡು, ಹಲಸಿನ ಮರದ ಹಿಡಿ, ಸಣ್ಣ ಹಲ್ಲು, ಎಳೆದಾಗ ಕೊಯ್ಯಬೇಕು ಎಂದೆ.

ಕದರಯ್ಯ ಒಂದು ಚಾಕು ನನ್ನ ಕೈಗೆ ಕೊಟ್ಟು ಹಿಡಿದು ತೋರಿಸಿ ಎಂದ. ನೋಡಿದ. "ಅಮ್ಮಾರೆ, ಹಿಡಿ ವಸಿ ದಪ್ಪ ಮಾಡ್ಲಾ? ನಿಮ್ಗೆ ಹೆಬ್ಬೆಟ್ಟು ಕೂರ್ತಾ ಇಲ್ಲ."

"ಚಿತ್ರದಲ್ಲಿರೋವಷ್ಟೇ ತೆಳ್ಳಗಿರ್ಲಿ. ಅದಕ್ಕಿಂತ ತೆಳ್ಳಗಾದ್ರೂ ಚಿಂತೆಯಿಲ್ಲ."

"ಈ ಚಿತ್ರದಲ್ಲಿರೋ ಗುಂಡಿ ಲಾಕು ನನ್ ಕೈಲಾಗಾಕಿಲ್ಲ ಕಣ್ರವ್ವ. ಕೀಲು ಬಿಗಿಯಾಗಿ ಕೂರುಸ್ತೀನಿ. ಅಷ್ಟೇಯ."

ಅಷ್ಟೇ ಸಾಕು ಎಂದೆ. ನಮ್ಮಜ್ಜಿಯ ಕಾಲದಿಂದ ಯಾವ ಕುಡುಗೋಲಿಗೆ ಲಾಕ್ ಇತ್ತು?

೧೫ ಡಿಸೆಂಬರ್, ಭಾನುವಾರ

ಕುಣಿಗಲ್ಲಿಗೆ ಹೋಗಿ ಗರಗಸ ತಂದೆ. ಎಷ್ಟು ಚಂದ! ಹಲಸಿನ ಹಿಡಿ ಅರಿಸಿನದ ಬಣ್ಣ. ತಮ್ಮನ ಹಿತ್ತಲಿನ ಬಿದಿರು ಸೌತೆಕಾಯಿ ಥರ ಕೊಯ್ದಿತು. ಕುಣಿಗಲ್ಲಿನ ಕುಲುಮೆಯಲ್ಲಿ ಹುಟ್ಟಿದ್ದು ಜಪಾನಿನದಕ್ಕೆ ಏನು ಕಡಿಮೆ ಎಂದು ಪುಟ್ಟರಂಗಯ್ಯನವರ ಮುಂದೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಅವಳು ಆಗ ಯಾವ ಮುಖ ಮಾಡುತ್ತಾಳೆ ಎಂಬುದನ್ನೂ ನೆನೆಸಿಕೊಂಡೆ. ಗುಬ್ಬಿ ಬಂದದ್ದೇ ಗೊತ್ತಾಗಲಿಲ್ಲ.

೧೭ ಡಿಸೆಂಬರ್, ಮಂಗಳವಾರ

ಬೆಳಗ್ಗೆ ಹಿತ್ತಲಲ್ಲಿ ನುಗ್ಗೆ ಕೊಂಬೆ ಕೊಯ್ಯುವಾಗ ಗರಗಸ ಮಡಚಿಕೊಂಡು ತೋರುಬೆರಳಿಗೆ ತಾಗಿತು. ಸೀರೆ ಮೇಲೆ ರಕ್ತ ನೋಡಿದ ಮೇಲೇ ಗೊತ್ತಾದದ್ದು. ನೋವೇ ಆಗಲಿಲ್ಲ, ಅಷ್ಟು ಸಣ್ಣ ಗಾಯ. ನಮ್ಮವರು ಮೂರು ಸುತ್ತು ಬಟ್ಟೆ ಕಟ್ಟಿದರು. ಸುಮ್ಮನೆ ದೊಡ್ಡದು ಮಾಡುತ್ತಾರೆ.

ಶಾಲೆಯಲ್ಲಿ ಕೇಳಿದವರಿಗೆ ಈಳಿಗೆ ಮಣೆ ಎಂದೆ.

೨೦ ಡಿಸೆಂಬರ್, ಶುಕ್ರವಾರ

ಮಂಜುಶ್ರೀ ನನ್ನ ಹತ್ತನೇ ಕ್ಲಾಸಿನ ಕನ್ನಡ ಪೇಪರುಗಳಿಗೆ ಅಂಕ ಕೂಡಿ ಕೊಟ್ಟಳು. ಬೆರಳಿಗೆ ಗಾಯ ಆಗಿದೆಯಲ್ಲ ಎಂದು ಅವಳೇ ಎಳೆದುಕೊಂಡು ಕೂತಳು. ಇಪ್ಪತ್ತೆಂಟಕ್ಕೆ ಮುಂಚೆ ಒಳ್ಳೆಯವಳೆನ್ನಿಸಿಕೊಳ್ಳುವ ಆಟ ಇದು. ಕೊಟ್ಟೆ, ಮಾಡಲಿ. ಅವಳ ಅಂಕಿಗಳೂ ಅಚ್ಚು ಹಾಕಿದ ಹಾಗಿವೆ. ದೇವರು ಕೊಡುವಾಗ ಒಬ್ಬರಿಗೇ ಸುರಿದುಬಿಡುತ್ತಾನೆ.

ಮಧ್ಯಾಹ್ನ ನನ್ನ ಡಬ್ಬಿಯ ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟಳು. ಈ ವಾರವೆಲ್ಲ ಅವಳೇ ತೆಗೆಯುತ್ತಿದ್ದಾಳೆ. ಹೊಸ ಡಬ್ಬಿ, ಬಿಗಿ ಜಾಸ್ತಿ.

೨೮ ಡಿಸೆಂಬರ್, ಶನಿವಾರ

ಗೆದ್ದೆ!

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ. ಬೆಳಗ್ಗೆ ಏಳೂವರೆಗೆ ಗುಡ್ಡದ ಬುಡ ಸೇರಿದ್ದೆವು. ಹಲ್ಲು ಕಟಕಟಿಸುವ ಚಳಿ. ಹನ್ನೊಂದು ಶಾಲೆಯ ಟೀಚರುಗಳು, ಅರವತ್ತು ಹುಡುಗಿಯರು ಸುತ್ತ ನಿಂತಿದ್ದರು. ಪುಟ್ಟರಂಗಯ್ಯನವರು ಅಲ್ಲಿಯೇ ಒಂದು ಹೊಸ ಕಾನೂನು ತೆಗೆದರು. "ನಿಮ್ ನಿಮ್ದನ್ನ ನೀವು ಹೊಗಳ್ಕೊಳ್ಳೋದು ಬ್ಯಾಡ. ಅವರ್ದನ್ನ ನೀವು ಬಿಚ್ಚಿ ಕೊಯ್ರಿ, ನಿಮ್ದನ್ನ ಅವ್ರು ಕೊಯ್ಲಿ."

ಮೊದಲು ಮಂಜುಶ್ರೀ. ನನ್ನ ಕುಣಿಗಲ್ ಗರಗಸ ತೆಗೆದುಕೊಂಡಳು. ಕೀಲನ್ನು ಎರಡು ಸಲ ಆಡಿಸಿ ನೋಡಿದಳು, ನನ್ನ ಬೆರಳಿನ ಬಟ್ಟೆಯನ್ನೂ ನೋಡಿದಳು. ಏನೋ ಹೇಳುವವಳಿದ್ದಳು, ಹೇಳಲಿಲ್ಲ. ಕೊಯ್ದಳು. ಬಿದಿರು ಜೋಳದ ದಂಟಿನ ಹಾಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನಾನು. ಕೆಂಪು ಹಿಡಿ ನನ್ನ ಕೈಗೆ ಬಂತು. ಅದರ ಲಾಕಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಚ್ಚಬೇಕು. ಒತ್ತಿದೆ. ಆಗಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳು ಒತ್ತುತ್ತಿದೆಯೋ ಸುಮ್ಮನೆ ಕೂತಿದೆಯೋ ನನಗೇ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪುಟ್ಟರಂಗಯ್ಯನವರು, "ಯಾಕ್ ಮೇಡಂ?" ಎಂದರು. ಆ ಅರ್ಧ ನಿಮಿಷವನ್ನು ನಾನು ಸಾಯುವವರೆಗೂ ಮರೆಯಲಾರೆ.

ಆಗ ಅವಳೇ ಮುಂದೆ ಬಂದು ನನ್ನ ಕೈಯಿಂದ ಗರಗಸ ತೆಗೆದುಕೊಂಡಳು.

"ಸಾರ್, ನಂದೇ ತಪ್ಪು. ನಿನ್ನೆ ಕೀಲಿಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಚಳಿಗೆ ಗಟ್ಟಿಯಾಗ್ಬಿಟ್ಟಿದೆ. ಮೇಡಂ ಏನ್ ಮಾಡ್ತಾರೆ, ಯಾರ್ ಕೈಲೂ ಆಗಲ್ಲ."

ನಗುವೋ ನಗು. "ಸೈನ್ಸ್ ಟೀಚರಮ್ಮ, ಕೊಬ್ಬರಿ ಎಣ್ಣೆ ಯಾವಾಗ ಗಟ್ಟಿಯಾಗ್ತದೆ ಅಂತ ನಮ್ಮಜ್ಜೀನ ಕೇಳಿದ್ರೂ ಹೇಳೋಳಲ್ಲ!" ಎಂದರು ಪುಟ್ಟರಂಗಯ್ಯ. "ಕ್ಯಾಂಪಿಗೆ ಬರೋ ಸಾಮಾನ್ನ ಹಿಂಗಾ ಇಟ್ಕೊಳ್ಳೋದು? ಹುಡುಗೀರ್ ಕೈಗೆ ಕೊಟ್ಟು ಏನ್ ಕಲಿಸ್ತೀರಿ ನೀವು?" ಅವಳು ತಲೆ ತಗ್ಗಿಸಿ ಗರಗಸವನ್ನು ಬ್ಯಾಗಿಗೆ ಹಾಕಿಕೊಂಡಳು. ಕುಣಿಗಲ್ಲಿನದೇ ಇರಲಿ, ಕ್ಯಾಂಪ್ ಲಕ್ಷ್ಮೀದೇವಮ್ಮ ಮೇಡಂ ನಡೆಸಲಿ ಎಂದು ಅಲ್ಲೇ ತೀರ್ಮಾನವಾಯಿತು. ಎರಡು ಗರಗಸವನ್ನೂ ನೋಡಿ ಒಂದು ಪುಟ ವರದಿ ಬರೆದುಕೊಡಲು ನನಗೇ ಹೇಳಿದರು. ಬಸ್ ಹತ್ತುವಾಗ ಅವಳು ವರದಿಗೆಂದು ಕೆಂಪು ಗರಗಸವನ್ನು ತಂದು ನನ್ನ ಚೀಲಕ್ಕೆ ಹಾಕಿದಳು.

ನೋಡಿದೆಯಾ ಲಕ್ಷ್ಮೀದೇವಮ್ಮ? ನೆರಿಗೆ ನೆಟ್ಟಗಿದ್ದರೆ ಆಗಲಿಲ್ಲ. ಎಲ್ಲರ ಮನೆ ದೋಸೆಯೂ ತೂತೇ. ನನಗೆ ಬುದ್ಧಿ ಹೇಳಿದವಳು ನಾನು ಮಾಡಿದ ತಪ್ಪನ್ನೇ ಮಾಡಿದಳು, ಅದೂ ಎಲ್ಲರ ಮುಂದೆ. ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾನು ಕ್ಯಾತ್ಸಂದ್ರದ ತನಕ ಮನಸ್ಸಿನಲ್ಲೇ ನಗುತ್ತಿದ್ದೆ. ಒಂದೂವರೆ ತಿಂಗಳಲ್ಲಿ ಇಷ್ಟು ಹಗುರಾಗಿದ್ದದ್ದು ಇವತ್ತೇ.

೨೯ ಡಿಸೆಂಬರ್, ಭಾನುವಾರ

ಬೆಳಗ್ಗೆ ಎದ್ದವಳೇ ವರದಿ ಬರೆಯುವ ಮೊದಲು ಕೆಂಪು ಗರಗಸದ ಎಣ್ಣೆ ತೆಗೆಯೋಣವೆಂದು ಸೀಮೆಎಣ್ಣೆ, ಹಳೇ ಬ್ರಷ್ಷು, ಬಿಳಿ ಬಟ್ಟೆ ಇಟ್ಟುಕೊಂಡು ಜಗುಲಿಯಲ್ಲಿ ಕೂತೆ. ಗೆದ್ದವಳು ಉದಾರಿಯಾಗಿರಬೇಕು. ತೊಳೆದು ಹೊಳೆಯುವ ಹಾಗೆ ಮಾಡಿ ವಾಪಸ್ ಕೊಟ್ಟರೆ ಅವಳಿಗೆ ಇನ್ನಷ್ಟು ಚುಚ್ಚುತ್ತದೆ.

ಗುಂಡಿ ಒತ್ತಲು ಆಗಲಿಲ್ಲ. ನಮ್ಮವರನ್ನು ಕರೆದೆ. ನಿನ್ನೆಗಿಂತ ಹೆಚ್ಚು ಚಳಿ ಇತ್ತು. ಅವರು ಒಂದೇ ಬೆರಳಿನಿಂದ ಒತ್ತಿ ಟಕ್ ಎಂದು ಬಿಚ್ಚಿದರು.

"ಎಣ್ಣೆ ಎಲ್ಲಿದೆ?" ಎಂದು ಕೇಳಿದರು.

ಬಿಳಿ ಬಟ್ಟೆಯಿಂದ ಕೀಲು ಒರೆಸಿದೆ. ಒಳಗೂ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು. ಮೂಸಿ ನೋಡಿದೆ. ಕಬ್ಬಿಣದ ವಾಸನೆ, ಸ್ವಲ್ಪ ಹೊಲಿಗೆ ಮಿಷನ್ ಎಣ್ಣೆಯ ವಾಸನೆ. ನಮ್ಮವರ ಕೈಯಲ್ಲೇ ಮಡಚಿಸಿ, ಕಸಿದುಕೊಂಡು ಮತ್ತೆ ಒತ್ತಿದೆ. ಮತ್ತೆ. ಎಡಗೈಯಿಂದ ಒತ್ತಿದೆ. ಬಿಚ್ಚಿಕೊಂಡಿತು.

"ಮೂರು ತಿಂಗಳಿಂದ ಹೇಳ್ತಾ ಇದೀನಿ, ಡಾಕ್ಟ್ರಿಗೆ ತೋರ್ಸು ಅಂತ," ಎಂದರು ನಮ್ಮವರು. ಯಾವಾಗ ಹೇಳಿದರೋ ನನಗೆ ನೆನಪಿಲ್ಲ.

ಇವತ್ತು ವರದಿ ಬರೆಯಲಿಲ್ಲ.

೩೦ ಡಿಸೆಂಬರ್, ಸೋಮವಾರ

ಶಾಲೆಯಲ್ಲಿ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಗರಗಸವನ್ನು ಮೇಜಿನ ಮೇಲೆ ಇಟ್ಟೆ.

"ಎಣ್ಣೆ ಹಾಕಿರ್ಲಿಲ್ಲ ನೀನು."

ಮಂಜು ಗರಗಸವನ್ನು ಬ್ಯಾಗಿಗೆ ಹಾಕಿಕೊಂಡಳು.

"ನನ್ನ ಮೇಲೆ ಕರುಣೆ ತೋರ್ಸೋಕೆ ನಿನ್ನ ಯಾರು ಕರೆದ್ರು?"

"ಕರುಣೆ ಅಲ್ಲ ಮೇಡಂ. ಹುಡುಗೀರು ನಗ್ತಾ ಇದ್ರು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ." ಆಮೇಲೆ ಹೇಳಿದಳು, "ಕ್ಯಾಂಪ್ ನೀವೇ ನಡೆಸಿ ಮೇಡಂ. ನಂಗೆ ಬೇಕಾಗಿಲ್ಲ. ಆದ್ರೆ ಆ ಕುಣಿಗಲ್ ಗರಗಸ ಮಕ್ಳ ಕೈಗೆ ಬೇಡ. ಲಾಕ್ ಇಲ್ಲ. ನಿಮ್ ಬೆರಳು ಕೊಯ್ದಿದ್ದು ಅದೇ ತಾನೇ?"

ಈಳಿಗೆ ಮಣೆ ಎಂದೆ. ಇಷ್ಟಾದ ಮೇಲೂ ಈಳಿಗೆ ಮಣೆ ಎಂದೆ.

೧ ಜನವರಿ ೨೦೦೩, ಬುಧವಾರ

ಎರಡು ದಿನ ಲೆಕ್ಕ ಹಾಕಿದೆ. ವರದಿಯಲ್ಲಿ ಕುಣಿಗಲ್ ಗರಗಸ ಎಂದು ಬರೆದರೆ ಶಿಬಿರ ನನ್ನದು. ಮಂಜು ಬಾಯಿ ಬಿಡುವುದಿಲ್ಲ, ಬಿಡುವವಳಾಗಿದ್ದರೆ ಡಿಸೆಂಬರ್ ನಾಲ್ಕಕ್ಕೇ ಬಿಡುತ್ತಿದ್ದಳು. ಕದರಯ್ಯನಿಗೆ ಹೇಳಿ ಕೀಲು ಇನ್ನಷ್ಟು ಬಿಗಿ ಮಾಡಿಸಬಹುದು. ಹನ್ನೊಂದು ಶಾಲೆ, ಹನ್ನೊಂದು ಗರಗಸ, ಇನ್ನೂರು ಹುಡುಗಿಯರು. ಅವರ ಬೆರಳಿಗೆ ನೋವು ಆಗುತ್ತದೆ. ನನ್ನ ಬೆರಳಿನ ಹಾಗಲ್ಲ.

ಈ ಕಡೆಯ ಮಾತನ್ನು ಬರೆದ ಮೇಲೆ ಲೆಕ್ಕ ಮುಂದುವರಿಸಲಾಗಲಿಲ್ಲ.

೨ ಜನವರಿ, ಗುರುವಾರ

ಪುಟ್ಟರಂಗಯ್ಯನವರಿಗೆ ಬರೆದು, ನಮ್ಮವರ ಕೈಯಲ್ಲೇ ಪೋಸ್ಟಾಫೀಸಿಗೆ ಕಳಿಸಿದೆ. ಎಡಗೈಯಲ್ಲಿ ಬರೆದದ್ದು, ಒಂದನೇ ಕ್ಲಾಸಿನ ಮಗುವಿನ ಅಕ್ಷರ. ಬರೆದದ್ದಿಷ್ಟು.

"ಕೆಂಪು ಗರಗಸದಲ್ಲಿ ಎಣ್ಣೆ ಇರಲಿಲ್ಲ. ಬಿಚ್ಚಲು ಬಾರದೆ ಹೋದದ್ದು ನನ್ನ ಬಲಗೈ. ಶ್ರೀಮತಿ ಮಂಜುಶ್ರೀಯವರು ನನ್ನ ಮಾನ ಉಳಿಸಲು ಸುಳ್ಳು ಹೇಳಿದರು. ಕುಣಿಗಲ್ ಗರಗಸ ಚೆನ್ನಾಗಿ ಕೊಯ್ಯುತ್ತದೆ, ಆದರೆ ಲಾಕ್ ಇಲ್ಲ. ನನ್ನ ಬೆರಳಿನ ಮೇಲೆ ಮಡಚಿಕೊಂಡಿತು, ನಾನು ಮುಚ್ಚಿಟ್ಟೆ. ಮಕ್ಕಳಿಗೆ ಲಾಕ್ ಇರುವ, ಸಣ್ಣ ಹಲ್ಲಿನ, ಎಳೆದಾಗ ಕೊಯ್ಯುವ ಗರಗಸವೇ ಸರಿ. ಆರಿಸಿದವರು ಅವರು, ಶಿಬಿರ ಅವರೇ ನಡೆಸಬೇಕು."

ಇಷ್ಟು ಬರೆದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸೋಮವಾರ ತುಮಕೂರಿನ ಡಾಕ್ಟರ ಹತ್ತಿರ ಮಂಜುವೇ ಕರೆದುಕೊಂಡು ಹೋಗುತ್ತಾಳಂತೆ. ನಮ್ಮವರಿಗೆ ಹೇಳಿ ಒಪ್ಪಿಸಿದ್ದಾಳೆ, ನನ್ನನ್ನು ಕೇಳಿಲ್ಲ.

ಅವಳ ಗರಗಸದ ಮೇಲೆ ನನಗೆ ಈಗ ಆಸೆಯಿಲ್ಲ. ನೆರಿಗೆ, ಅಂಕಿ, ಇಪ್ಪತ್ತೇಳು ವರ್ಷ, ಅವೆಲ್ಲ ಹೋಗಲಿ. ಮಧ್ಯಾಹ್ನದಿಂದ ಒಂದೇ ಮಾತು ಕೇಳಿಕೊಳ್ಳುತ್ತಿದ್ದೇನೆ. ಅಂದು ಗುಂಡಿ ಒತ್ತಲಾರದೆ ನಿಂತವಳು ಅವಳಾಗಿದ್ದು, ನೋಡುತ್ತ ನಿಂತವಳು ನಾನಾಗಿದ್ದರೆ, ಆ ಸುಳ್ಳು ನನ್ನ ಬಾಯಿಗೆ ಬರುತ್ತಿತ್ತೇ? ಹೇಗೆ ಕೇಳಿಕೊಂಡರೂ ಇಲ್ಲ ಎಂದೇ ಬರುತ್ತದೆ. ನನಗೆ ಬರದ ಅದು ಅವಳಿಗೆ ಬಂತಲ್ಲ, ಯೋಚಿಸದೆಯೇ ಬಂತಲ್ಲ, ಅದಕ್ಕೇ ಇವತ್ತು ನನ್ನ ಹೊಟ್ಟೆ ಉರಿಯುತ್ತಿರುವುದು.